ಆನೆ ಸೊಂಡಿಲೆತ್ತಿದ ಮಳೆಗಾಲ

ಮೊನ್ನೆ ಮೊಗ್ರಾಲಿನ ನಾದಿನಿಯ ಮನೆಗೆ ಹೋಗಿದ್ದೆ. ಹೊರಗೆ ಬಿಡದೆ ಮಳೆ. ಎಷ್ಟು ದಿನವಾದರೂ ಒಣಗದ ಮಗುವಿನ ಬಟ್ಟೆಗಳನ್ನು ಅವಳು ಒಂದೊಂದಾಗಿ ಇಸ್ತ್ರಿ ಹಾಕಿ ಒಣಗಿಸುತ್ತಿದ್ದಳು. ಹಸಿ ಬಟ್ಟೆಗೆ ಬಿಸಿ ತಾಗಿದಾಗ ಏಳುವ ಆವಿಗೆ ಒಂದು ವಾಸನೆ ಇದೆ. ಸೋಪು, ಮಳೆಗಾಲದ ಮುಗ್ಗಲು, ಚೂರು ಸೀದ ಹತ್ತಿ ಎಲ್ಲ ಸೇರಿದ್ದು.

"ಎಂತ ಅತ್ತಿಗೆ, ಹಾಗೇ ನಿಂತುಬಿಟ್ರಿ? ಕೂತ್ಕೊಳ್ಳಿ" ಎಂದಳು.

ಕೂತೆ. ಆದರೆ ಮನಸ್ಸು ಅಲ್ಲಿರಲಿಲ್ಲ. ಅದು ಗಡಿನಾಡಿನ ನಾಯ್ಮಾರ್ಮೂಲೆಯ ಹತ್ತಿರದ ಒಂದು ಆಸ್ಪತ್ರೆಯ ಲಿನನ್ ಕೋಣೆಗೆ, ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲಕ್ಕೆ ಹೋಗಿತ್ತು.

ಆ ಆಸ್ಪತ್ರೆಯಲ್ಲಿ ಸಿಬ್ಬಂದಿಯ ಹಾಜರಿ, ರಜೆ, ತರಬೇತಿ ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ವಿಭಾಗವೆಂದರೆ ನಾನು, ಒಂದು ಕಂಪ್ಯೂಟರ್, ಒಂದು ಕಬ್ಬಿಣದ ಕಪಾಟು, ಅಷ್ಟೆ. ಕಾರಡ್ಕದಿಂದ ಬೆಳಿಗ್ಗೆ ಬಸ್ಸು ಹತ್ತಿ ಚೆರ್ಕಳ ದಾಟಿ ನಾಯ್ಮಾರ್ಮೂಲೆಯಲ್ಲಿ ಇಳಿಯುತ್ತಿದ್ದೆ. ಹೆದ್ದಾರಿ ಅಗಲ ಮಾಡುವ ಕೆಲಸ ನಡೆಯುತ್ತಿದ್ದುದರಿಂದ ಇಳಿದಲ್ಲಿಂದ ಆಸ್ಪತ್ರೆಯ ಗೇಟಿನವರೆಗೂ ಕೆಂಪು ಕೆಸರು. ಆ ವರ್ಷ ಆಸ್ಪತ್ರೆ ಗುಣಮಟ್ಟದ ಸರ್ಟಿಫಿಕೇಟಿಗೆ ಅರ್ಜಿ ಹಾಕಿತ್ತು. ಓಣಂ ರಜೆ ಮುಗಿದ ಮೇಲೆ ತಪಾಸಣೆಯವರು ಬರುವವರಿದ್ದರು. ಡಾಕ್ಟರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ತರಬೇತಿ ಆಗಿರಬೇಕು, ಆದದ್ದಕ್ಕೆ ದಾಖಲೆ ಇರಬೇಕು. ಹಿಂದೆಲ್ಲ ಊಟದ ನಂತರ ಮೀಟಿಂಗ್ ಹಾಲಿನಲ್ಲಿ ಕೂರಿಸಿ ಪಾಠ ಮಾಡಿಸುತ್ತಿದ್ದೆವು. ಅರ್ಧ ಜನ ತೂಕಡಿಸುತ್ತಿದ್ದರು. ಉಳಿದವರಿಗೆ ಹೊತ್ತಲ್ಲದ ಹೊತ್ತಿನಲ್ಲಿ ವಾರ್ಡಿನಿಂದ ಕರೆ ಬರುತ್ತಿತ್ತು. ಆಡಳಿತ ನೋಡುತ್ತಿದ್ದ ಹಮೀದ್ ಸಾರ್ ಇದಕ್ಕೊಂದು ಉಪಾಯ ಹುಡುಕಿ ಕೊಚ್ಚಿಯ ಒಂದು ಕಂಪೆನಿಯಿಂದ ಹೊಸ ವ್ಯವಸ್ಥೆ ತರಿಸಿದರು. ಇನ್ನು ಮುಂದೆ ತರಬೇತಿ ಫೋನಿನಲ್ಲಿ, ಅದೂ ಆಟದ ರೂಪದಲ್ಲಿ.

ಜೂನ್ ತಿಂಗಳ ಮೊದಲ ಮಳೆಗೆ ನೆನೆದುಕೊಂಡೇ ಕೊಚ್ಚಿಯ ಅರ್ಜುನ್ ಎಂಬ ಯುವಕ ಬಂದು ಪರದೆಯ ಮೇಲೆ ಆಟ ತೋರಿಸಿದ. ಬಿಳಿ ಕೋಟು ಹಾಕಿದ ಒಂದು ಮರಿಯಾನೆ. ಅದರ ಮುಂದೆ ಒಂದರ ಹಿಂದೊಂದು ಮೂರು ಗುಡ್ಡ, ಸುತ್ತಿ ಸುತ್ತಿ ಹತ್ತುವ ದಾರಿ. ದಾರಿಯ ಒಂದೊಂದು ತಿರುವಿನಲ್ಲಿ ಒಂದೊಂದು ಪಾಠ: ಕೈ ತೊಳೆಯುವುದು, ಬೆಂಕಿ ನಂದಿಸುವುದು, ಕಸವನ್ನು ಬಣ್ಣದ ಬಕೆಟುಗಳಿಗೆ ಬೇರೆ ಬೇರೆ ಹಾಕುವುದು. ಪಾಠ ಆದ ಮೇಲೆ ಪ್ರಶ್ನೆ. ಉತ್ತರ ಸರಿಯಾದರೆ ಆನೆ ಸೊಂಡಿಲೆತ್ತಿ ಕುಣಿಯುತ್ತದೆ, ನಾಣ್ಯ ಬಿದ್ದ ಸದ್ದಾಗುತ್ತದೆ. ತಪ್ಪಾದರೆ ಸೊಂಡಿಲು ಇಳಿಸಿ ಮೋರೆ ಸಣ್ಣದು ಮಾಡುತ್ತದೆ. ದಿನವೂ ಆಡಿದರೆ ಹೆಚ್ಚಿನ ಅಂಕ. ಕ್ಯಾಂಟೀನಿನ ಟಿ.ವಿ.ಯಲ್ಲಿ ಎಲ್ಲರ ಫೋಟೋ, ಹೆಸರು, ಸ್ಥಾನ. ಕಾಂಟ್ರಾಕ್ಟಿನಲ್ಲಿದ್ದವರು ಓಣಂ ರಜೆಗೆ ಮೊದಲು ಮೂರನೇ ಗುಡ್ಡ ಹತ್ತಿದರೆ ಮಾತ್ರ ಅವರನ್ನು ಖಾಯಂ ಮಾಡುವುದೆಂದು ಹಮೀದ್ ಸಾರ್ ಅದೇ ದಿನ ಹೇಳಿದರು.

ಆಟ ಮಲಯಾಳದಲ್ಲಿ, ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ಇತ್ತು. "ಕನ್ನಡ?" ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು.

ಅರ್ಜುನ್ ನಗುತ್ತಾ, "ಇಲ್ಲಿ ಎಲ್ಲರಿಗೂ ಮಲಯಾಳ ಬರುತ್ತದಲ್ಲ?" ಎಂದ.

ಬರುತ್ತದೆ ಎಂದರೆ ಬರುತ್ತದೆ. ಪ್ರಶ್ನೆ ಅಲ್ಲಿಗೇ ನಿಂತಿತು.

ಮೊದಲ ಎರಡು ವಾರ ಆಸ್ಪತ್ರೆಯೇ ಬೇರೆಯಾಗಿತ್ತು. ಲಿಫ್ಟಿನಲ್ಲಿ, ಮೆಟ್ಟಿಲಲ್ಲಿ, ಬಸ್ಸಿಗೆ ಕಾಯುವಲ್ಲಿ ನಾಣ್ಯದ ಸದ್ದು. "ಆನೆ ಆಡಿಸಿದ್ಯಾ?" ಎಂಬುದೇ ಕುಶಲ ಕೇಳುವ ಮಾತಾಯಿತು. ನರ್ಸುಗಳಲ್ಲಿ ಇಬ್ಬರು ಮೊದಲ ಸ್ಥಾನಕ್ಕಾಗಿ ಒಬ್ಬರನ್ನೊಬ್ಬರು ಹಿಂದಿಕ್ಕುತ್ತಿದ್ದರು. ಮೀಟಿಂಗ್ ಹಾಲಿನ ಪಾಠದಲ್ಲಿ ನಿದ್ದೆ ಮಾಡುತ್ತಿದ್ದವರೇ ಈಗ ಬೆಂಕಿ ನಂದಿಸುವ ಸಿಲಿಂಡರಿನ ಪಿನ್ ಎಲ್ಲಿದೆಯೆಂದು ಹೋಗಿ ಮುಟ್ಟಿ ನೋಡುತ್ತಿದ್ದರು. ಇದು ಒಳ್ಳೆಯ ವ್ಯವಸ್ಥೆಯೆಂದು ನನಗೂ ಅನಿಸಿತ್ತು. ಈಗಲೂ ಹಾಗೆಯೇ ಅನಿಸುತ್ತದೆ.

ಆದರೆ ಟಿ.ವಿ.ಯ ಕೆಳಗಿನ ತುದಿಯಲ್ಲಿ ಕೆಲವು ಮುಖಗಳು ಕದಲಲೇ ಇಲ್ಲ. ಅಡುಗೆಮನೆಯ ಚಂದ್ರಾವತಿ, ಗೇಟಿನ ಗೋಪಾಲಣ್ಣ, ಎಲ್ಲರಿಗಿಂತ ಕೆಳಗೆ ವಾರ್ಡಿನ ಅಟೆಂಡರ್ ವಾರಿಜ.

ವಾರಿಜಕ್ಕ ಮೊಗ್ರಾಲಿನವರು. ನಲವತ್ತು ದಾಟಿದ, ಎತ್ತರದ ಹೆಂಗಸು. ಮಾತಾಡಿದರೆ ಕಾರಿಡಾರಿನ ಆ ತುದಿಗೂ ಕೇಳುವ ದನಿ. ಮೊದಲು ಹೊಲಿಗೆ ಅಂಗಡಿಯೊಂದರಲ್ಲಿದ್ದರು. ಅಂಗಡಿ ಮುಚ್ಚಿದ ಮೇಲೆ ಕಾಂಟ್ರಾಕ್ಟಿನ ಮೇಲೆ ಇಲ್ಲಿಗೆ ಬಂದು ವರ್ಷ ತುಂಬುತ್ತ ಬಂದಿತ್ತು. ತುಳು ಅವರ ಮನೆಯ ಮಾತು, ಕನ್ನಡ ಶಾಲೆಯ ಮಾತು, ಮಲಯಾಳ ಪೇಟೆಯ ಮಾತು. ಕ್ಯಾಂಟೀನಿನಲ್ಲಿ ಎಲ್ಲರ ನಡುವೆ ಕೂತು ಜೋರಾಗಿ ಹರಟುತ್ತಿದ್ದವರು ಜುಲೈ ಹೊತ್ತಿಗೆ ಅಲ್ಲಿಗೆ ಬರುವುದನ್ನೇ ಬಿಟ್ಟರು.

ಕೆಳಗಿನ ಸ್ಥಾನದವರನ್ನು ಕರೆದು ಬುದ್ಧಿ ಹೇಳುವ ಕೆಲಸ ನನಗೆ ಬಂತು. ವಾರಿಜಕ್ಕನನ್ನು ಹುಡುಕಿಕೊಂಡು ಹೋದರೆ ಅವರು ಲಿನನ್ ಕೋಣೆಯಲ್ಲಿದ್ದರು. ಒಗೆದ ಹಾಸುಬಟ್ಟೆ, ತಲೆದಿಂಬಿನ ಚೀಲ ಇಡುವ ಕೋಣೆ ಅದು. ಆ ಮಳೆಯಲ್ಲಿ ಯಾವುದೂ ಪೂರ್ತಿ ಒಣಗುತ್ತಿರಲಿಲ್ಲ, ಇಡೀ ದಿನ ಇಸ್ತ್ರಿ ಪೆಟ್ಟಿಗೆ ನಡೆಯುತ್ತಿತ್ತು. ಆ ಆವಿಯ ನಡುವೆ ಸ್ಟೂಲಿನ ಮೇಲೆ ಕೂತು ಅವರು ಬುತ್ತಿ ಬಿಚ್ಚಿದ್ದರು.

"ವಾರಿಜಕ್ಕ, ಆನೆ ಆಡುದಿಲ್ವಾ ನೀವು?" ಎಂದೆ.

"ಆಡುದಿಲ್ವಾ?" ಕಣ್ಣು ಅಗಲಿಸಿದರು. "ಮೇಡಂ, ನಾನು ಆಡಿದಷ್ಟು ಈ ಆಸ್ಪತ್ರೆಯಲ್ಲಿ ಯಾರೂ ಆಡ್ಲಿಕ್ಕಿಲ್ಲ. ಬಸ್ಸಲ್ಲಿ ಆಡ್ತೇನೆ, ಅನ್ನಕ್ಕೆ ಇಟ್ಟು ಆಡ್ತೇನೆ. ಆ ಆನೆಗೆ ನನ್ನನ್ನು ಕಂಡ್ರೇ ಆಗುದಿಲ್ಲ."

ಕೈ ತೊಳೆದು ಫೋನ್ ತೆಗೆದು ಆಡಿ ತೋರಿಸಿದರು. ಪರದೆಯ ಮೇಲೆ ಮಲಯಾಳದಲ್ಲಿ ಪ್ರಶ್ನೆ ಬಂತು, ಮೂಲೆಯಲ್ಲಿ ಇಪ್ಪತ್ತು ಸೆಕೆಂಡಿನ ಗಡಿಯಾರ ಇಳಿಯತೊಡಗಿತು. ವಾರಿಜಕ್ಕ ಬೆರಳನ್ನು ಸಾಲಿನ ಕೆಳಗೆ ಎಳೆಯುತ್ತ, ತುಟಿ ಅಲುಗಿಸುತ್ತ ಅಕ್ಷರ ಅಕ್ಷರ ಕೂಡಿಸಿದರು. ಪ್ರಶ್ನೆ ಮುಗಿದು ಮೊದಲ ಉತ್ತರಕ್ಕೆ ಬರುವಾಗ ಹೊತ್ತು ಮುಗಿದಿತ್ತು. ಆನೆ ಸೊಂಡಿಲು ಇಳಿಸಿತು.

"ಕಂಡ್ರಾ?" ಎಂದರು.

ಮುಂದಿನ ಪ್ರಶ್ನೆಗಳನ್ನು ನಾನು ಓದಿ ಹೇಳಿದೆ. ಕೆಲವಕ್ಕೆ ಥಟ್ಟನೆ ಸರಿ ಉತ್ತರ ಕೊಟ್ಟರು, ಕೆಲವಕ್ಕೆ ಧೈರ್ಯವಾಗಿ ತಪ್ಪು ಹೇಳಿದರು. ಎಲ್ಲರಂತೆಯೇ. ಆದರೆ ಸರಿಯಾಗಿ ಆನೆ ಕುಣಿದಾಗಲೆಲ್ಲ ಅವರ ಮುಖ ನೋಡಬೇಕಿತ್ತು. "ಶಾಲೆಯಲ್ಲಿ ನನಗೆ ಯಾರೂ ಹೀಗೆ ಕುಣಿದದ್ದಿಲ್ಲ" ಎಂದು ನಕ್ಕರು.

ಅವರು ಓದಿದ್ದು ಕನ್ನಡ ಶಾಲೆ. ಗೋಪಾಲಣ್ಣನನ್ನು ಕೇಳಿದೆ, ಅವರದ್ದೂ ಕನ್ನಡ ಶಾಲೆ. ನಾನೂ ಅಂಥದ್ದೇ ಶಾಲೆಯವಳು. ಅಪ್ಪ ಕನ್ನಡ ಮೇಷ್ಟ್ರು. ಮಲಯಾಳದಲ್ಲಿ ಜಗಳ ಬೇಕಾದರೂ ಆಡುತ್ತೇನೆ, ಆದರೆ ಮಲಯಾಳದ ಪತ್ರಿಕೆ ಓದಲು ಕನ್ನಡದ್ದಕ್ಕಿಂತ ಎರಡು ಪಟ್ಟು ಹೊತ್ತು ಬೇಕು. ಮಾತು ಬರುವುದು ಬೇರೆ, ಗಡಿಯಾರದ ಎದುರು ಓದುವುದು ಬೇರೆ.

ಚಂದ್ರಾವತಿಯನ್ನು ಕೇಳಬೇಕೆಂದು ಹೋದರೆ ಅವರು ರಾಜೀನಾಮೆ ಕೊಟ್ಟಾಗಿತ್ತು. ಬಟ್ಟೆಯಂಗಡಿಯಲ್ಲಿ ಕೆಲಸ ಸಿಕ್ಕಿದೆ ಎಂದರು. "ನನ್ನ ಫೋಟೋ ಹಾಗೆ ಹಾಕ್ಬಾರದಿತ್ತು. ನಮ್ಮ ನೆರೆಮನೆಯವ್ರು ಅಡ್ಮಿಟ್ ಆಗಿದ್ರು. ಕ್ಯಾಂಟೀನಿಗೆ ಚಾ ಕುಡೀಲಿಕ್ಕೆ ಬಂದು ನೋಡಿ, ಎಂತ ಚಂದ್ರಾವತಿ, ಫೇಲಾ ಅಂತ ಕೇಳಿದ್ರು" ಎಂದಷ್ಟೇ ಹೇಳಿದರು. ಅವರ ಕೊನೆಯ ದಿನ ಅಡುಗೆಮನೆಯಲ್ಲಿ ಪಾಯಸ ಮಾಡಿದ್ದರು. ನಾನು ತಿಂದು ಲೋಟ ತೊಳೆದಿಟ್ಟು ಬಂದೆ.

ಹಮೀದ್ ಸಾರ್ ಬಳಿ ಹೋಗಿ ವಿಷಯ ಹೇಳಿದೆ. ಅವರು ಕೆಟ್ಟವರಲ್ಲ. ಗಲ್ಫಿನ ದೊಡ್ಡ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ಬಂದವರು. ಎಲ್ಲವೂ ಹೊತ್ತಿಗೆ ಸರಿಯಾಗಿ ಆಗಬೇಕು, ಅಷ್ಟೇ ಅವರ ಹಟ. ಅವರು ಮಾತಾಡುವುದು ಮಲಯಾಳ, ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಶುಭಾ, ನಿಯಮ ಒಬ್ಬರಿಗೊಂದು ಮಾಡಲು ಬರುವುದಿಲ್ಲ. ಕೊಚ್ಚಿಯವರನ್ನು ಕೇಳು. ಅವರು ಏನಾದರೂ ಮಾಡಿ ಕೊಟ್ಟರೆ ನನ್ನದೇನೂ ಅಡ್ಡಿಯಿಲ್ಲ" ಎಂದರು.

ಅರ್ಜುನನಿಗೆ ಫೋನ್ ಮಾಡಿದೆ. ಗಡಿಯಾರ ತೆಗೆಯಲು ಸಾಧ್ಯವೇ ಇಲ್ಲವೆಂದ. ಗಡಿಯಾರ ಇದ್ದರೇ ಅದು ಆಟ, ಇಲ್ಲವಾದರೆ ಅದೇ ಹಳೆಯ ಪರೀಕ್ಷೆ ಎಂಬುದು ಅವನ ವಾದ. ಆಮೇಲೆ ಸ್ವಲ್ಪ ಯೋಚಿಸಿ, ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದು, ಯಾರಾದರೂ ಓದಿ ರೆಕಾರ್ಡ್ ಮಾಡಿ ಕಳಿಸಿದರೆ ಸೇರಿಸಬಹುದು ಎಂದ. ಪ್ರಶ್ನೆ ದನಿಯಲ್ಲಿ ಕೇಳುತ್ತದೆ, ದನಿ ನಿಂತ ಮೇಲೆಯೇ ಗಡಿಯಾರ ಶುರುವಾಗುತ್ತದೆ.

ಸರಿ, ನಾನೇ ಬರೆಯುತ್ತೇನೆ ಎಂದೆ. ಮೇಷ್ಟ್ರ ಮಗಳಿಗೆ ಕನ್ನಡ ಬರೆಯುವುದೇನು ದೊಡ್ಡದು ಎಂಬ ಹುಮ್ಮಸ್ಸು. ಮೊದಲ ಗುಡ್ಡದ ಪ್ರಶ್ನೆಗಳನ್ನು ಬರೆದು ಲಿನನ್ ಕೋಣೆಗೆ ಒಯ್ದು ವಾರಿಜಕ್ಕನಿಗೆ ಓದಿದೆ: "ಬಳಸಲ್ಪಟ್ಟ ಚೂಪಾದ ವೈದ್ಯಕೀಯ ಸಾಧನಗಳನ್ನು ಯಾವ ವರ್ಣದ ಸಂಗ್ರಾಹಕದಲ್ಲಿ ವಿಲೇವಾರಿ ಮಾಡತಕ್ಕದ್ದು?"

ಅವರು ಇಸ್ತ್ರಿ ಪೆಟ್ಟಿಗೆಯನ್ನು ಬದಿಗಿಟ್ಟು ನನ್ನನ್ನೇ ನೋಡಿದರು. "ಇದು ಎಂತ ಭಾಷೆ ಮಾರಾಯ್ತಿ? ಇದಕ್ಕಿಂತ ಮಲಯಾಳವೇ ಆಗ್ಬಹುದಿತ್ತು."

ಅಂದಿನವರೆಗೆ ಮೇಡಂ ಆಗಿದ್ದವಳು ಆ ಕ್ಷಣದಲ್ಲಿ ಮಾರಾಯ್ತಿಯಾದೆ. ಇಬ್ಬರಿಗೂ ನಗು ಬಂತು. ನಗು ನಿಂತ ಮೇಲೆ, "ನೀವಾದ್ರೆ ಹೇಗೆ ಕೇಳ್ತೀರಿ?" ಎಂದೆ.

"ಚುಚ್ಚಿ ಆದ ಸೂಜಿ ಯಾವ ಡಬ್ಬಕ್ಕೆ ಹಾಕ್ಲಿಕ್ಕೆ?"

ಅದನ್ನೇ ಬರೆದುಕೊಂಡೆ. ಅಂದಿನಿಂದ ಊಟದ ಹೊತ್ತಿನಲ್ಲಿ ಇದೇ ಕೆಲಸ. ನಾನು ಮಲಯಾಳ ಓದುವುದು, ಅರ್ಥ ಹೇಳುವುದು, ಅವರು ಅದನ್ನು ಬಾಯಿಗೆ ಒಗ್ಗುವಂತೆ ಮಾಡುವುದು. ಎಲ್ಲವೂ ಸಲೀಸಾಗಿ ನಡೆಯಲಿಲ್ಲ. "ಸೋಂಕು" ಎಂದರೆ ಗೋಪಾಲಣ್ಣನಿಗೆ ತಿಳಿಯುತ್ತದೆಯೇ ಎಂದು ಅರ್ಧ ಗಂಟೆ ಜಗಳವಾಡಿ ಕೊನೆಗೆ ಗೇಟಿಗೇ ಹೋಗಿ ಕೇಳಿದೆವು. "ಇನ್ಫೆಕ್ಷನ್ ಅಲ್ವಾ? ಹಾಗೇ ಹೇಳಿ, ಸಾಕು" ಎಂದರು ಗೋಪಾಲಣ್ಣ.

ದನಿಯೂ ವಾರಿಜಕ್ಕನದ್ದೇ ಆಯಿತು. ನಾನು ಓದಿದರೆ ಶಾಲೆಯ ವಾರ್ಷಿಕೋತ್ಸವದ ವರದಿಯ ಹಾಗಿರುತ್ತಿತ್ತು. ಕೋಣೆಯ ಹೊರಗಿನ ನಡುದಾರಿಗೆ ತಗಡಿನ ಮಾಡು. ಮಳೆ ಬಂದರೆ ಫೋನಿಗೆ ಮಳೆ ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ತಲೆದಿಂಬುಗಳನ್ನು ಸುತ್ತ ಜೋಡಿಸಿ, ನಡುವೆ ಫೋನ್ ಇಟ್ಟು, ಮಳೆ ಬಿಡುವುದನ್ನೇ ಕಾಯುತ್ತ ಕೂರುತ್ತಿದ್ದೆವು. ಮಳೆಯ ಸದ್ದು ಇಳಿದ ಕೂಡಲೇ "ಬಿಟ್ತು, ಬೇಗ ಬೇಗ" ಎಂದು ಒಂದೇ ಉಸಿರಿಗೆ ನಾಲ್ಕೈದು ಪ್ರಶ್ನೆ. ಮತ್ತೆ ಮಳೆ. ಆ ಕಾಯುವ ಹೊತ್ತಿನಲ್ಲಿ ಅವರು ಮನೆಯ ವಿಷಯ ಹೇಳುತ್ತಿದ್ದರು. ಗಂಡ ಮೀನಿನ ದೋಣಿಗೆ ಹೋಗುವವರು, ಮಳೆಗಾಲದಲ್ಲಿ ಅವರಿಗೆ ಕೆಲಸವಿಲ್ಲ. ಆದರೆ ಖಾಯಂ ಕೆಲಸ ಬೇಕೆಂದದ್ದು ಬರೀ ಸಂಬಳಕ್ಕಾಗಿ ಅಲ್ಲವಂತೆ. "ಹೊಲಿಗೆ ಅಂಗಡಿಯಲ್ಲಿ ಅಷ್ಟು ವರ್ಷ ಇದ್ದೆ. ಮುಚ್ಚುವ ದಿನ, ನಾಳೆಯಿಂದ ಬರುದು ಬೇಡ ಅಂದ್ರು. ಅಷ್ಟೇ. ಇನ್ನು ಹಾಗೆ ಹೇಳಿಸ್ಕೊಳ್ಳುದು ಬೇಡ ಅಂತ."

ಆಗಸ್ಟಿನಲ್ಲಿ ಆಟದೊಳಗೆ ಕನ್ನಡ ಬಂತು. ಗೋಪಾಲಣ್ಣ ಒಂದು ವಾರದಲ್ಲಿ ಎರಡು ಗುಡ್ಡ ಹತ್ತಿದರು. ಗೇಟಿನಲ್ಲಿ ಕೂತು ವಾರಿಜಕ್ಕನ ದನಿಗೆ "ಹಾಂ, ಹಾಂ, ಗೊತ್ತುಂಟು" ಎಂದು ಉತ್ತರ ಕೊಡುತ್ತಿದ್ದರು. ವಾರಿಜಕ್ಕನೂ ಆಡಿದರು. ಒಂದೂ ತಪ್ಪದೆ ಮೂರೂ ಗುಡ್ಡ ಹತ್ತಿ ಮೊದಲ ಹತ್ತು ಸ್ಥಾನದೊಳಗೆ ಬಂದರು. ಆ ದಿನ ಕ್ಯಾಂಟೀನಿನ ಟಿ.ವಿ. ನೋಡಲು ನಾವಿಬ್ಬರೂ ಒಟ್ಟಿಗೆ ಹೋದೆವು.

ಮರುದಿನ ಬೆಳಿಗ್ಗೆ ಲೀಲಾಮ್ಮ ಸಿಸ್ಟರ್ ಹಮೀದ್ ಸಾರ್ ಕೋಣೆಗೆ ಬಂದರು. ವಾರ್ಡುಗಳ ನರ್ಸುಗಳಿಗೆಲ್ಲ ಅವರೇ ಹಿರಿಯರು. ಕಡಿಮೆ ಮಾತು, ಯಾರ ಮುಲಾಜಿಗೂ ಒಳಗಾಗುವವರಲ್ಲ. ನಾನೂ ಅಲ್ಲೇ ಇದ್ದೆ.

"ಪ್ರಶ್ನೆ ತಯಾರು ಮಾಡಿದವರೇ ಪರೀಕ್ಷೆ ಬರೆದರೆ ಅದು ಪರೀಕ್ಷೆಯೇ?" ಎಂದು ಕೇಳಿದರು. "ವಾರಿಜ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ನನ್ನ ಹುಡುಗಿಯರು ಡ್ಯೂಟಿ ಮುಗಿಸಿ ಕಷ್ಟಪಟ್ಟು ಆಡಿದ್ದಾರೆ. ಅವರು ಕೇಳಿದರೆ ನಾನು ಏನು ಹೇಳಲಿ?"

ಹಮೀದ್ ಸಾರ್ ನನ್ನನ್ನು ನೋಡಿದರು. ಸಂಜೆಯೊಳಗೆ ತೀರ್ಮಾನವಾಯಿತು. ವಾರಿಜಕ್ಕನ ಅಂಕ ರದ್ದು. ಕೊಚ್ಚಿಯವರಲ್ಲಿ ಪ್ರಶ್ನೆಗಳ ಇನ್ನೊಂದು ಕಟ್ಟು ಇತ್ತು, ವಾರಿಜಕ್ಕ ಅದನ್ನು ಆಡಬೇಕು. ಆದರೆ ಅದು ಇದ್ದದ್ದು ಮಲಯಾಳದಲ್ಲಿ ಮಾತ್ರ. ಅದಕ್ಕೆ ಕನ್ನಡದ ದನಿ ಇಲ್ಲ, ಮಾಡಿಸಲು ಹೊತ್ತೂ ಇಲ್ಲ. ಎದುರಿಗೆ ಕೂತು ನಾನು ಓದಿ ಹೇಳುತ್ತೇನೆ ಎಂದೆ. "ಆಗ ಶುಭಾ ಉತ್ತರ ಹೇಳಿಕೊಟ್ಟಳು ಎನ್ನುತ್ತಾರೆ" ಎಂದರು ಸಾರ್. ಅದೂ ನಿಜವೇ. ಎಲ್ಲರ ಮಾತೂ ನಿಜವಾಗಿದ್ದು, ಏಟು ಬಿದ್ದದ್ದು ಒಬ್ಬರಿಗೆ.

ಈ ಸುದ್ದಿಯನ್ನು ಲಿನನ್ ಕೋಣೆಗೆ ಒಯ್ಯುವುದು ಆ ಮಳೆಗಾಲದಲ್ಲಿ ನಾನು ಮಾಡಿದ ಅತ್ಯಂತ ಕಷ್ಟದ ಕೆಲಸ. ಅವರು ಕೇಳಿಸಿಕೊಂಡರು. ಕೈಯಲ್ಲಿದ್ದ ತಲೆದಿಂಬಿನ ಚೀಲವನ್ನು ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು.

"ಸರಿಯೇ ಅಲ್ವಾ ಸಿಸ್ಟರ್ ಹೇಳುದು? ನಾನಾದ್ರೂ ಹಾಗೇ ಹೇಳ್ತಿದ್ದೆ" ಎಂದರು. ಚೀಲವನ್ನು ಅಟ್ಟಿಯ ಮೇಲಿಟ್ಟು, "ಗೋಪಾಲಣ್ಣನಿಗೆ ಆಯ್ತಲ್ಲ" ಎಂದರು. ಕಾರಿಡಾರಿನ ತುದಿಗೂ ಕೇಳುವ ದನಿಯ ಹೆಂಗಸು ಮುಂದಿನ ಎರಡು ದಿನ ಎಲ್ಲಿದ್ದಾರೆಂದೇ ಗೊತ್ತಾಗಲಿಲ್ಲ.

ಮೂರನೆಯ ದಿನ ಊಟದ ಹೊತ್ತಿಗೆ ನಾನು ವಾರ್ಡಿಗೆ ಹೋದಾಗ ನರ್ಸುಗಳ ಮೇಜಿನ ಬಳಿ ವಾರಿಜಕ್ಕ ಕೂತಿದ್ದರು, ಎದುರಿಗೆ ಲೀಲಾಮ್ಮ ಸಿಸ್ಟರ್, ನಡುವೆ ಮಲಯಾಳ ಪತ್ರಿಕೆ. ಸಿಸ್ಟರೇ ಕರೆದು ಕೂರಿಸಿದ್ದರಂತೆ.

"ಬೆರಳು ತೆಗೆ" ಎನ್ನುತ್ತಿದ್ದರು.

"ಬೆರಳು ತೆಗೆದ್ರೆ ಸಾಲು ತಪ್ಪುತ್ತದೆ ಸಿಸ್ಟರ್."

"ತಪ್ಪಲಿ. ಮನೆಗೆ ಹೋಗುವಾಗ ಬಸ್ಸಿನ ಬೋರ್ಡನ್ನು ಅಕ್ಷರ ಕೂಡಿಸಿ ಓದುತ್ತೀಯಾ?"

"ಇಲ್ಲ. ದೂರದಿಂದಲೇ ಗೊತ್ತಾಗ್ತದೆ."

"ಹೇಗೆ?"

ವಾರಿಜಕ್ಕ ಯೋಚಿಸಿದರು. "ನೋಡಿದ್ರೆ ಗೊತ್ತಾಗ್ತದೆ. ಕುಂಬಳೆ ಕುಂಬಳೆಯ ಹಾಗೇ ಉಂಟು."

"ಹಾಗೇ ಓದು. ಈ ಆಟದಲ್ಲಿ ಬರುವುದು ಅವೇ ಕೆಲವು ಶಬ್ದ. ಅಣುಬಾಧ, ಅದೇ ಇನ್ಫೆಕ್ಷನ್, ಮಾಲಿನ್ಯಂ, ಸುರಕ್ಷ. ಇವೆಲ್ಲ ಬಸ್ಸು ಎಂದು ತಿಳಿ. ಬಂದ ಕೂಡಲೇ ಹತ್ತಬೇಕು."

ಸಿಸ್ಟರ್ ಪೂರ್ವದ ಗುಡ್ಡದ ಕಡೆಯವರು. ಅವರ ಅಪ್ಪ ಅಮ್ಮ ದಕ್ಷಿಣದ ಕಡೆಯಿಂದ ಬಂದು ಅಲ್ಲಿ ನೆಲೆ ನಿಂತವರು. ಚಿಕ್ಕಂದಿನಲ್ಲಿ ಸುತ್ತ ಯಾರ ಮಾತೂ ತಿಳಿಯದೆ, ಆಟಕ್ಕೆ ಸೇರಿಸಿಕೊಳ್ಳುವವರಿಲ್ಲದೆ ಅಂಗಳದ ಬದಿಯಲ್ಲಿ ನಿಲ್ಲುತ್ತಿದ್ದೆ ಎಂದು ಒಮ್ಮೆ ನನ್ನಲ್ಲಿ ಹೇಳಿದ್ದರು. ಆ ಮಧ್ಯಾಹ್ನ ಅದನ್ನೇನೂ ಹೇಳಲಿಲ್ಲ. ದಿನಾ ಅರ್ಧ ಗಂಟೆ ಪಾಠ ಮಾಡಿದರು. ಬದಲಿಗೆ ತುಳು ಕಲಿಸಬೇಕೆಂಬ ಕರಾರು. ವಯಸ್ಸಾದ ರೋಗಿಗಳು ತುಳುವಿನಲ್ಲಿ ನರಳಿದರೆ ಸಿಸ್ಟರಿಗೆ "ಬೇನೆ ಉಂಡಾ", ನೋವಿದೆಯಾ, ಎಂಬುದು ಬಿಟ್ಟರೆ ಮಾತು ಮುಂದೆ ಹೋಗುತ್ತಿರಲಿಲ್ಲ. ವಾರಿಜಕ್ಕ ಟೀಚರಾದಾಗ ಬಹಳ ಕಟ್ಟುನಿಟ್ಟು. ಸಿಸ್ಟರ್ ತಪ್ಪು ಹೇಳಿದರೆ ಸೊಂಡಿಲು ಇಳಿಸಿದ ಹಾಗೆ ಕೈ ಇಳಿಸಿ ತೋರಿಸುತ್ತಿದ್ದರು. ಸುತ್ತಲಿನ ನರ್ಸುಗಳಿಗೆಲ್ಲ ನಗು.

ಕಾರಿಡಾರಿನಲ್ಲಿ ಮತ್ತೆ ವಾರಿಜಕ್ಕನ ದನಿ ಕೇಳತೊಡಗಿತು. ಗೋಡೆಯ ಬೋರ್ಡು, ಔಷಧದ ಪೆಟ್ಟಿಗೆ, ಪಾರ್ಕಿಂಗ್ ಸೂಚನೆ, ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದುತ್ತ ನಡೆಯುತ್ತಿದ್ದರು.

ಮೊದಲ ಗುಡ್ಡ ಸುಲಭವಾಗಿ ಆಯಿತು. ಎರಡನೆಯದಕ್ಕೆ ಒಮ್ಮೆ ಸೋತು ಹತ್ತಿದರು. ಮೂರನೆಯದರ ಪ್ರಶ್ನೆಗಳು ಉದ್ದ. ಆ ಗುಡ್ಡಕ್ಕೆ ದಿನಕ್ಕೆ ಒಂದೇ ಅವಕಾಶ. ಸೋತರು, ಮರುದಿನ ಮತ್ತೆ ಸೋತರು. ಆ ಹೊತ್ತಿಗೆ ಮಳೆ ಹಿಂದೆ ಸರಿದು ಬಿಸಿಲು ಬರತೊಡಗಿತ್ತು. ಆಸ್ಪತ್ರೆಯ ಬಾಗಿಲಲ್ಲಿ ನರ್ಸುಗಳು ಓಣಂನ ಹೂವಿನ ರಂಗೋಲಿಗೆ ಬಣ್ಣ ಆರಿಸುತ್ತಿದ್ದರು. ರಜೆಗೆ ಮುಂಚಿನ ಕೊನೆಯ ಮಧ್ಯಾಹ್ನ, ಕೊನೆಯ ಅವಕಾಶ.

ವಾರಿಜಕ್ಕ ಲಿನನ್ ಕೋಣೆಯಲ್ಲೇ ಆಡುತ್ತೇನೆ ಎಂದರು. ನಾನು ಬಾಗಿಲಲ್ಲಿ ನಿಂತೆ. ಲೀಲಾಮ್ಮ ಸಿಸ್ಟರ್ ಯಾವುದೋ ಹಾಸುಬಟ್ಟೆ ಬೇಕೆಂದು ಬಂದವರು ಅದನ್ನು ಹುಡುಕುತ್ತಲೇ ಇದ್ದರು. ವಾರಿಜಕ್ಕ ಎಡಗೈಯಲ್ಲಿ ಫೋನ್ ಹಿಡಿದು ಬಲಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು, ಬೆರಳು ತಾನಾಗಿ ಸಾಲಿಗೆ ಹೋಗದಂತೆ. ಉತ್ತರ ಒತ್ತಲು ಮಾತ್ರ ಅದು ಮುಂದೆ ಬರುತ್ತಿತ್ತು. ನಾಣ್ಯದ ಸದ್ದು. ಮತ್ತೊಂದು. ನಡುವೆ ಎರಡು ಸಲ ಸದ್ದಿಲ್ಲ. ಕೊನೆಯ ಪ್ರಶ್ನೆಗೆ ಅವರ ತುಟಿ ಅಲುಗಲಿಲ್ಲ, ಕಣ್ಣು ಮಾತ್ರ ಸರ್ರನೆ ಓಡಿತು.

ಆನೆ ಗುಡ್ಡದ ತುದಿಯಲ್ಲಿ ಬಾವುಟ ನೆಟ್ಟಿತು.

"ಆಯ್ತಾ?" ಎಂದೆ.

"ಆಯ್ತು ಕಾಣ್ತದೆ" ಎಂದು ಫೋನನ್ನು ನನ್ನ ಕಡೆ ತಿರುಗಿಸಿದರು. ಸಿಸ್ಟರ್ ಹುಡುಕುತ್ತಿದ್ದ ಹಾಸುಬಟ್ಟೆಯನ್ನು ಅಲ್ಲೇ ಬಿಟ್ಟು ಬಂದು ವಾರಿಜಕ್ಕನ ಬೆನ್ನಿಗೆ ಒಂದು ಗುದ್ದು ಕೊಟ್ಟು, "ಭಾರೀ ಎಡ್ಡೆ ಆಂಡ್" ಎಂದು, ಬಹಳ ಒಳ್ಳೆಯದಾಯಿತೆಂದು, ತುಳುವಿನಲ್ಲಿ ಹೇಳಿ ಹೊರಟುಹೋದರು.

ಮೂರನೇ ಗುಡ್ಡ ಹತ್ತಿದರೂ ಟಿ.ವಿ.ಯಲ್ಲಿ ಅವರ ಸ್ಥಾನ ಕೆಳಗೇ ಇತ್ತು. ಆದರೆ ಅವರಿಗಿಂತ ಕೆಳಗೆ ಇನ್ನೊಂದು ಮುಖ ಬಂದಿತ್ತು. ಆಡಳಿತದವರೂ ತರಬೇತಿ ಮುಗಿಸಿರಬೇಕೆಂದು ತಪಾಸಣೆಯವರ ಸೂಚನೆ ಬಂದದ್ದರಿಂದ ಹಮೀದ್ ಸಾರ್ ಕೊನೆಯ ಗಳಿಗೆಯಲ್ಲಿ ಆಟಕ್ಕೆ ಸೇರಿದ್ದರು. ಕ್ಯಾಂಟೀನಿನಲ್ಲಿ ಚಾ ಕುಡಿಯುತ್ತ ಅವರು ತಮ್ಮ ಫೋಟೋವನ್ನು ಬಹಳ ಹೊತ್ತು ನೋಡಿದರಂತೆ. ರಜೆ ಮುಗಿಸಿ ಬರುವಾಗ ಟಿ.ವಿ.ಯಲ್ಲಿ ಸ್ಥಾನ ಇರಲಿಲ್ಲ, ತರಬೇತಿ ಮುಗಿಸಿದವರ ಹೆಸರು ಮಾತ್ರ ಬರುತ್ತಿತ್ತು. ಚಂದ್ರಾವತಿಗೆ ಅದರಿಂದ ಏನೂ ಆಗಲಿಲ್ಲ. ಆಮೇಲೊಮ್ಮೆ ಬಟ್ಟೆಯಂಗಡಿಗೆ ಹೋದಾಗ ಸಿಕ್ಕರು. ಇಲ್ಲಿ ಆರಾಮ ಉಂಟು ಎಂದರು. ವಾಪಸ್ ಬರುತ್ತೀರಾ ಎಂದು ಕೇಳಿದ್ದಕ್ಕೆ ಸೀರೆ ಮಡಚುತ್ತ ತಲೆಯಾಡಿಸಿದರು, ಇಲ್ಲ ಎಂದು.

ತಪಾಸಣೆಗೆ ಬಂದವರು ವಾರ್ಡಿನಲ್ಲಿ ವಾರಿಜಕ್ಕನನ್ನು ನಿಲ್ಲಿಸಿ, ನೆಲದ ಮೇಲೆ ರಕ್ತ ಚೆಲ್ಲಿದರೆ ಏನು ಮಾಡುತ್ತೀರಿ ಎಂದು ಕೇಳಿದರು. ಅವರು ಮಲಯಾಳದಲ್ಲಿ ಶುರು ಮಾಡಿ, ನಡುವೆ ಕನ್ನಡ ಬೆರೆಸಿ ಹೇಳಿದರು. ಕೈಗವಸು ಹಾಕುವುದನ್ನು ಮರೆತರು, ಕೇಳಿದ ಮೇಲೆ ಸೇರಿಸಿದರು. ಸರ್ಟಿಫಿಕೇಟು ಸಿಕ್ಕಿತು. ಮರುವರ್ಷ ಕೊಚ್ಚಿಯ ಕಂಪೆನಿ ತನ್ನ ಭಾಷೆಗಳ ಸಾಲಿಗೆ ಕನ್ನಡವನ್ನೂ ಸೇರಿಸಿತು. ಅದಕ್ಕೆ ಬೇರೆ ಯಾರದ್ದೋ ತಿದ್ದಿದ ದನಿ. ಗೋಪಾಲಣ್ಣನಿಗೆ ಹಳೆಯದೇ ಬೇಕಾಗಿತ್ತು.

ಖಾಯಂ ಆದವರ ಪತ್ರಗಳು ಸಿದ್ಧವಾದ ದಿನ ಎಲ್ಲರೂ ಆಫೀ‍ಸಿಗೆ ಬಂದು ಸಹಿ ಹಾಕಿ ಹೋದರು. ವಾರಿಜಕ್ಕ ಬರಲಿಲ್ಲ. ಹೊಸ ರೋಗಿ ಬರುತ್ತಾರೆ, ಮಂಚ ಸಿದ್ಧ ಮಾಡಿ ಬರುತ್ತೇನೆ ಎಂದು ಹೇಳಿ ಕಳಿಸಿದ್ದರು. ಕಾಯುವುದೇಕೆಂದು ನಾನೇ ಪತ್ರ, ಪೆನ್ನು ಹಿಡಿದು ವಾರ್ಡಿಗೆ ಹೋದೆ. ಹಾಸುಬಟ್ಟೆಯ ನಾಲ್ಕನೇ ಮೂಲೆಯನ್ನು ಹಾಸಿಗೆಯಡಿ ಸಿಕ್ಕಿಸಿ ಅವರು ಕೈ ಒರೆಸಿಕೊಂಡು ಪತ್ರ ತೆಗೆದುಕೊಂಡರು. ಮಂಚದ ಬದಿಯ ಚಿಕ್ಕ ಮೇಜಿನ ಮೇಲಿಟ್ಟು, ಮಲಯಾಳದಲ್ಲಿದ್ದುದನ್ನು ಮೊದಲಿಂದ ಕೊನೆಯವರೆಗೆ ಓದಿದರು.

"ಯಾವ ಭಾಷೆಯಲ್ಲಿ ಹಾಕುದು?" ಎಂದು ಕೇಳಿದರು.

"ನಿಮ್ಮ ಸಹಿ, ನಿಮ್ಮ ಇಷ್ಟ."

"ಹಾಗಾದ್ರೆ ಕನ್ನಡದಲ್ಲೇ ಹಾಕ್ತೇನೆ. ಪೂರ್ತಿ ಹೆಸರು ಬರೀತೇನೆ, ಆಗ್ಬಹುದಲ್ಲಾ? ಸ್ವಲ್ಪ ನಿಧಾನ ಆದೀತು."

"ಬರೀರಿ ವಾರಿಜಕ್ಕ. ನನಗೆಂತ ಅವಸರ ಇಲ್ಲ."

ಅವರು ಬಗ್ಗಿ, ಒಂದೊಂದೇ ಅಕ್ಷರವನ್ನು ದುಂಡಗೆ ಬರೆಯತೊಡಗಿದರು.